ಡಿ ಡ್ರೈವ್ ಕಾಣೆಯಾದ ಪ್ರಸಂಗ

ನಮ್ಮ ಮನೆಯ ಕಂಪ್ಯೂಟರ್ ತಜ್ಞನ ಹುದ್ದೆಗೆ ಯಾರೂ ಅರ್ಜಿ ಕರೆದಿರಲಿಲ್ಲ. ಎಂದೋ ಒಮ್ಮೆ ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ನಾನು ಎಳೆದು ತೆಗೆದೆ. ಕಾಗದ ಎರಡು ಹೋಳಾಯಿತು, ಒಂದು ಹೋಳು ಇವತ್ತಿಗೂ ಒಳಗೇ ಇದೆ. ಆದರೆ ಪ್ರಿಂಟರು ಓಡಿತು. ನೇಮಕಾತಿ ಅಲ್ಲೇ ಆಗಿಹೋಯಿತು. ಅಲ್ಲಿಂದಾಚೆಗೆ ವೈಫೈ ನಿಂತರೆ ನಾನು, ಟಿವಿಯಲ್ಲಿ ಬಣ್ಣ ಹೋದರೆ ನಾನು, ಅತ್ತೆಯವರ ಮೊಬೈಲಿನಲ್ಲಿ ಅಕ್ಷರ ಚಿಕ್ಕದಾದರೂ ನಾನು. ನನ್ನ ಚಿಕಿತ್ಸಾಕ್ರಮ ಸರಳ. ಯಂತ್ರವನ್ನು ಆಫ್ ಮಾಡುತ್ತೇನೆ, ಮುಖ ಗಂಭೀರ ಮಾಡಿಕೊಂಡು ಹತ್ತು ಎಣಿಸುತ್ತೇನೆ, ಆನ್ ಮಾಡುತ್ತೇನೆ. ಬಹುಪಾಲು ಕಾಯಿಲೆಗಳು ಇಷ್ಟಕ್ಕೇ ವಾಸಿಯಾಗುತ್ತವೆ. ಆಗದಿದ್ದವಕ್ಕೆ "ಇದು ಸರ್ವರ್ ಪ್ರಾಬ್ಲಮ್" ಎಂದು ಷರಾ ಬರೆಯುತ್ತೇನೆ. ಆ ಸರ್ವರ್ ಎಲ್ಲಿದೆ ಎಂದು ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಕೇಳಿಲ್ಲ.

ಇಂಥ ತಜ್ಞನಿರುವ ಮನೆಯಲ್ಲಿ, ವಿಜಯದಶಮಿಯ ಬೆಳಿಗ್ಗೆ, ಡಿ ಡ್ರೈವ್ ಕಾಣೆಯಾಯಿತು.

ನಮ್ಮ ಕಂಪ್ಯೂಟರಿನಲ್ಲಿ ಎರಡು ಡಿಸ್ಕುಗಳಿವೆ. ಸಿ ಎಂಬುದು ಎಸ್‌ಎಸ್‌ಡಿ, ಹೊಸದು, ಒಳಗೆ ತಿರುಗುವ ಭಾಗ ಒಂದೂ ಇಲ್ಲ; ವಿಂಡೋಸಿನ ವಾಸ ಅಲ್ಲಿ. ಡಿ ಎಂಬುದು ಹಳೇ ಕಾಲದ, ಗಿರಗಿರನೆ ತಿರುಗುವ ಹಾರ್ಡ್ ಡಿಸ್ಕ್, ಒಂದು ಟೆರಾಬೈಟಿನದು, ಸಂಸಾರವೆಲ್ಲ ಅಲ್ಲಿ. ಮದುವೆಯ ಫೋಟೋ, ಮಗಳ ನಾಮಕರಣದ ವಿಡಿಯೊ, ಮಾವನವರ ಷಷ್ಟ್ಯಬ್ದಿ, ಊರ ಜಮೀನಿನ ಪಹಣಿಯ ಸ್ಕ್ಯಾನ್, ಮಾರಿ ಎಷ್ಟೋ ಕಾಲವಾದ ಸ್ಕೂಟರಿನ ಆರ್‌ಸಿ, 'ನ್ಯೂ ಫೋಲ್ಡರ್', 'ನ್ಯೂ ಫೋಲ್ಡರ್ 2', ಅದರೊಳಗೆ ಇನ್ನೊಂದು 'ನ್ಯೂ ಫೋಲ್ಡರ್'. ಇವೆಲ್ಲದರ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಪ್ರಾಯದಲ್ಲಿ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ ನನ್ನ ಕಾದಂಬರಿ.

"ಅಪ್ಪ, ಸಿ ಇದೆ, ಡಿ ಇತ್ತು. ಎ, ಬಿ ಎಲ್ಲಿ?" ಎಂದು ಪಿಯುಸಿ ಓದುವ ಮಗಳು ಕೇಳಿದಳು. ಕಷ್ಟಕಾಲದಲ್ಲಿ ಇತಿಹಾಸ ಹೇಳುವುದು ನನಗೆ ಇಷ್ಟ. 1981ರ ಐಬಿಎಂ ಪಿಸಿಗೆ ಫ್ಲಾಪಿಗಳೇ ಗತಿಯಾಗಿದ್ದವು, ಎ ಮತ್ತು ಬಿ ಅವಕ್ಕೆ ಮೀಸಲಾದವು. 1983ರಲ್ಲಿ ಎಕ್ಸ್‌ಟಿ ಮಾದರಿ ಹಾರ್ಡ್ ಡಿಸ್ಕ್ ಹೊತ್ತು ಬಂದಾಗ ಅದಕ್ಕೆ ದಕ್ಕಿದ್ದು ಸಿ. ಫ್ಲಾಪಿ ಹೋಗಿ ಕಾಲವಾದರೂ ವಿಂಡೋಸ್ ಆ ಎರಡು ಅಕ್ಷರಗಳನ್ನು ತಾನಾಗಿ ಯಾವ ಡಿಸ್ಕಿಗೂ ಕೊಡುವುದಿಲ್ಲ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಈಗ ಡಿ ಕೂಡ ಆ ಫ್ಲಾಪಿಗಳು ಹೋದ ಕಡೆಗೇ ಹೋಯ್ತಾ?" ಎಂದಳು.

ಹಿಂದಿನ ದಿನ ಆಯುಧಪೂಜೆ. ಮೈಸೂರಿನಲ್ಲಿ ಆ ದಿನ ಚಕ್ರವಿರುವ, ವೈರಿರುವ, ಹರಿತವಾಗಿರುವ ಯಾವ ವಸ್ತುವೂ ಕುಂಕುಮದಿಂದ ತಪ್ಪಿಸಿಕೊಳ್ಳಲಾರದು. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಆದ ಮೇಲೆ ನಾನು ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ವರ್ಷದ ಧೂಳು. ಎದುರುಮನೆಯಿಂದ ಬ್ಲೋವರ್ ತಂದು ಒಳಗೆಲ್ಲ ಗಾಳಿ ಹೊಡೆದೆ. ಬ್ಲೋವರಿನ ಮೂತಿ ಮೂಲೆಗೆ ಹೋಗದಿದ್ದಾಗ ಅಡ್ಡ ಬಂದ ಕೆಂಪು ಕೇಬಲನ್ನು ಪಕ್ಕಕ್ಕೆ ಸರಿಸಿದೆ. ಡಿಸ್ಕಿನ ಮೇಲೆ ಪುಟ್ಟದೊಂದು ತೂತು ಕಂಡಿತು. ಬೊಟ್ಟಿಡಲೆಂದೇ ಮಾಡಿಸಿದ ಅಳತೆ. ಗಂಧ ಹಚ್ಚಿ ಕುಂಕುಮವಿಟ್ಟೆ. ಕ್ಯಾಬಿನೆಟ್ಟಿನ ಮುಚ್ಚಳ ಮೊದಲು ಸರಿಯಾಗಿ ಕೂರಲಿಲ್ಲ. ಮೊಣಕಾಲು ಕೊಟ್ಟು ಒತ್ತಿದೆ. 'ಕಟಕ್' ಎಂದು ಕೂತಿತು. ಓದುಗರು ಬೇಕಿದ್ದರೆ ಆ ಶಬ್ದವನ್ನು ನೆನಪಿನಲ್ಲಿಟ್ಟುಕೊಳ್ಳಬಹುದು, ನಾನು ಇಟ್ಟುಕೊಳ್ಳಲಿಲ್ಲ.

ಡಿ ಇಲ್ಲವೆಂದು ಗೊತ್ತಾದ ಕೂಡಲೇ ಆಫ್ ಮಾಡಿ ಹತ್ತು ಎಣಿಸಿದೆ. ಬರಲಿಲ್ಲ. ಇಪ್ಪತ್ತು ಎಣಿಸಿದೆ. ಬರಲಿಲ್ಲ. ಸರ್ವರ್ ಪ್ರಾಬ್ಲಮ್ ಎನ್ನಲು ಬಾಯಿ ತೆರೆದವನು ಮಗಳ ಮುಖ ನೋಡಿ ಮುಚ್ಚಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬಲ್ಲಿಗೆ ಹೋದೆ. ಕಂಪ್ಯೂಟರಿಗೆ ಜೋಡಿಸಿದ ಡಿಸ್ಕುಗಳ ಹಾಜರಿ ಅಲ್ಲಿರುತ್ತದೆ. ಡಿಸ್ಕ್ ಇದ್ದು ಅದರ ಅಕ್ಷರ ಮಾತ್ರ ಕಳೆದುಹೋಗಿದ್ದರೆ ಅಲ್ಲಿ ಹೊಸ ಅಕ್ಷರ ಕೊಟ್ಟು ಕರೆದುಕೊಂಡು ಬರಬಹುದು. ಹಾಜರಿಯಲ್ಲಿ ಇದ್ದದ್ದು ಒಂದೇ ಹೆಸರು, 'ಡಿಸ್ಕ್ 0'. ಡಿಸ್ಕ್ 1 ಗೈರು.

ಇನ್ನು ಬಯಾಸ್ ಒಂದೇ ದಾರಿ. ವಿಂಡೋಸ್ ಕಣ್ಣು ಬಿಡುವ ಮೊದಲೇ ಯಾವ ಯಾವ ಡಿಸ್ಕ್ ಇದೆಯೆಂದು ಎಣಿಸಿಕೊಳ್ಳುವುದು ಬಯಾಸ್. ಅದಕ್ಕೇ ಕಾಣದಿದ್ದರೆ ವಿಂಡೋಸನ್ನು ಬೈದು ಪ್ರಯೋಜನವಿಲ್ಲ. ದೋಷ ಕೇಬಲಿನಲ್ಲೋ, ಕರೆಂಟಿನಲ್ಲೋ, ಡಿಸ್ಕಿನಲ್ಲೋ ಇರಬೇಕು. ಈ ಮಾತು ನನಗೆ ಚೆನ್ನಾಗಿ ಗೊತ್ತಿತ್ತು. ಬಯಾಸ್ ಒಳಗೆ ಹೋಗುವ ಕೀಲಿ ಯಾವುದೆಂದು ಗೊತ್ತಿರಲಿಲ್ಲ. ಕೆಲವು ಯಂತ್ರಗಳಲ್ಲಿ ಎಫ್2, ಕೆಲವುದರಲ್ಲಿ ಡಿಲೀಟ್. ಎಸ್‌ಎಸ್‌ಡಿ ಬಂದ ಮೇಲೆ ಕಂಪ್ಯೂಟರು ಏಳುವ ವೇಗ ಎಷ್ಟೆಂದರೆ, ನಾನು ಕನ್ನಡಕ ಮೂಗಿಗೇರಿಸುವಷ್ಟರಲ್ಲಿ ವಿಂಡೋಸ್ ಬಂದು ಕೂತಿರುತ್ತಿತ್ತು. ಕೊನೆಗೆ ಹತ್ತೂ ಬೆರಳಿನಲ್ಲಿ ಕೀಬೋರ್ಡಿನ ಮೇಲಿನ ಸಾಲನ್ನೆಲ್ಲ ಒತ್ತಿ ಹಿಡಿದಾಗ ಬಯಾಸ್ ಬಾಗಿಲು ತೆರೆಯಿತು.

ಒಳಗೆ ನೋಡಿ ಸುಮ್ಮನೆ ಹೊರಗೆ ಬರಬೇಕಾದ ಜಾಗ ಅದು. ಆದರೆ ತಜ್ಞನಾದವನು ಏನನ್ನೂ ಮುಟ್ಟದೆ ಎದ್ದು ಬರುವುದು ಹೇಗೆ? 'ಸಾಟಾ ಮೋಡ್' ಎಂಬ ಸಾಲು ಕಂಡಿತು. ಡಿಸ್ಕಿಗೆ ಸಂಬಂಧಪಟ್ಟ ಪದವೇ. ಅದರ ಎದುರಿಗೆ 'ಎಎಚ್‌ಸಿಐ' ಎಂದಿತ್ತು, ಅದೇಕೋ ನನಗೆ ಹಿಡಿಸಲಿಲ್ಲ. ಬದಲಾಯಿಸಿ ಸೇವ್ ಮಾಡಿದೆ. ವಿಂಡೋಸ್ ತನ್ನ ಡಿಸ್ಕನ್ನು ಓದುವುದಕ್ಕೆ ಯಾವ ಕ್ರಮಕ್ಕೆ ಒಗ್ಗಿಕೊಂಡಿರುತ್ತದೋ ಆ ಕ್ರಮವನ್ನೇ ಕಿತ್ತರೆ ಅದಕ್ಕೆ ತನ್ನ ಮನೆಯ ಬಾಗಿಲೇ ಸಿಗುವುದಿಲ್ಲ. ಪರದೆ ನೀಲಿಯಾಯಿತು. ಅಳುಮುಖದ ಗುರುತೊಂದು ಬಂತು. ಅದರ ಕೆಳಗೆ, ಬೂಟ್ ಮಾಡಬೇಕಾದ ಡಿಸ್ಕೇ ಕೈಗೆ ಸಿಗುತ್ತಿಲ್ಲ ಎಂಬರ್ಥದ ಇಂಗ್ಲಿಷ್ ಸಾಲು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅರ್ಧ ಗಂಟೆಯ ಹಿಂದೆ ಕಾಣೆಯಾಗಿದ್ದು ಡಿ ಒಂದೇ. ಈಗ ಸಿ ಕೂಡ ಇಲ್ಲ.

"ಸರಿ ಮಾಡ್ತಿದ್ದೀರಲ್ಲ ರೀ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಹಂತ ಹಂತವಾಗಿ ಹೋಗ್ಬೇಕು" ಎಂದೆ.

ಮಗಳು ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಬಯಾಸಿನಲ್ಲಿ 'ಲೋಡ್ ಡಿಫಾಲ್ಟ್ಸ್' ಎಂಬುದನ್ನು ಹುಡುಕಿ ಒತ್ತಿದಳು. ಸಿ ಮರಳಿತು. "ನಾನೂ ಅದನ್ನೇ ಮಾಡೋನಿದ್ದೆ" ಎಂದು ಹೇಳಿದೆ.

ಅಷ್ಟರಲ್ಲಿ ಹೆಂಡತಿ ತನ್ನ ತಮ್ಮನಿಗೆ ಫೋನ್ ಮಾಡಿಯಾಗಿತ್ತು. ನನ್ನ ಭಾವಮೈದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಅವನಿಗೆ ಈ ವಿದ್ಯೆ ನಿಜವಾಗಿ ಗೊತ್ತಿದೆ ಎಂಬುದು ನನಗೂ ಅವನಿಗೂ ಇರುವ ಏಕೈಕ ಮನಸ್ತಾಪ.

"ಭಾವ, ಬಯಾಸಲ್ಲಿ ಡಿಸ್ಕ್ ಕಾಣ್ತಿದೆಯಾ?" ಎಂದ.

ಬಯಾಸಿನಲ್ಲಿ ನಾನು ಒಂದು ಡಿಸ್ಕಿನ ಹೆಸರು ನೋಡಿದ್ದು ಖಂಡಿತ. ಯಾವ ಡಿಸ್ಕ್ ಎಂದು ಅವನು ಕೇಳಲಿಲ್ಲ. "ಕಾಣ್ತಿದೆಯಪ್ಪ, ಚೆನ್ನಾಗೇ ಕಾಣ್ತಿದೆ" ಎಂದೆ.

"ಹಾಗಿದ್ರೆ ಡಿಸ್ಕಿಗೇನೂ ಆಗಿಲ್ಲ ಭಾವ, ವಿಂಡೋಸೇ ಕೆಟ್ಟಿರ್ಬೇಕು. ಸಿಯನ್ನ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕ್ಬಿಡಿ. ಸಿಯಲ್ಲಿ ಮುಖ್ಯವಾದದ್ದು ಏನಾದ್ರೂ ಇದೆಯಾ?"

"ಮುಖ್ಯವಾದದ್ದೆಲ್ಲ ಡಿಯಲ್ಲೇ ಇರೋದು. ಅದಕ್ಕೇ ಅಲ್ವಾ ಈ ಪಾಡು" ಎಂದು ಅಧಿಕಾರವಾಣಿಯಲ್ಲಿ ನುಡಿದೆ. ಸಂಜೆಯ ಹೊತ್ತಿಗೆ ಸಿಯನ್ನು ಒರೆಸಿ, ಸಾರಿಸಿ, ಹೊಸ ವಿಂಡೋಸ್ ಕೂರಿಸಿದ್ದೆ. ಎಲ್ಲ ಫಳಫಳ ಹೊಳೆಯುತ್ತಿತ್ತು. ಡಿ ಮಾತ್ರ ಬಂದಿರಲಿಲ್ಲ.

ಬ್ಲೋವರ್ ವಾಪಸು ಕೇಳಲು ಬಂದ ಎದುರುಮನೆಯ ಡಾಕ್ಟರು ವಿಷಯ ತಿಳಿದು ಮರಳಿ ಹೋಗಿ ಸ್ಟೆಥಾಸ್ಕೋಪ್ ತಂದರು. ನಿವೃತ್ತರಾಗಿ ಕಾಲವಾಯಿತು, ರೋಗಿ ಸಿಕ್ಕಿದರೆ ಬಿಡುವವರಲ್ಲ. ಕ್ಯಾಬಿನೆಟ್ ಬಿಚ್ಚಿ ಕಂಪ್ಯೂಟರ್ ಆನ್ ಮಾಡಿಸಿ ಡಿಸ್ಕಿನ ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟರು.

"ಶಬ್ದ ಒಂದೇ ಸಮ ಇದೆ. ಟಕ್ ಟಕ್ ಅಂತ ಹೊಡ್ಕೊಳ್ತಿಲ್ಲ. ಎಷ್ಟಿರ್ಬೇಕು ಇದರ ನಾಡಿ?"

"ನಿಮಿಷಕ್ಕೆ 7200 ಸುತ್ತು ಡಾಕ್ಟ್ರೇ."

ಅವರು ಸ್ಟೆಥಾಸ್ಕೋಪ್ ಕಿವಿಯಿಂದ ತೆಗೆದು ನನ್ನನ್ನು ನೋಡಿದರು. "ನನ್ನ ಸರ್ವಿಸಿನಲ್ಲಿ ಇನ್ನೂರಕ್ಕೇ ಐಸಿಯುಗೆ ಕಳಿಸಿಬಿಡ್ತಿದ್ದೆ."

ಎದೆಯ ಮೇಲೆ ಬೆರಳಿಟ್ಟು ಬಡಿಯುವ ಅಭ್ಯಾಸದಿಂದ ಡಿಸ್ಕನ್ನೂ ಬಡಿಯಲು ಹೋದರು. ನಾನು ಹೌಹಾರಿ ಕೈ ಹಿಡಿದುಕೊಂಡೆ. ಒಳಗಿನ ಕನ್ನಡಿಯಂಥ ತಟ್ಟೆ ತಿರುಗುವಾಗ ಅದನ್ನು ಓದುವ ಹೆಡ್ ಎಂಬುದು ತಟ್ಟೆಗೆ ತಾಗದೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ತಲೆಗೂದಲೊಂದರ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ತಿರುಗುವಾಗ ಏಟು ಬಿದ್ದರೆ ಹೆಡ್ ತಟ್ಟೆಯನ್ನು ಗೀರಿಬಿಡುತ್ತದೆ, ಗೀರಿದಲ್ಲಿದ್ದ ಫೋಟೋ ಪುಡಿಯಾಗಿ ಒಳಗೇ ಹಾರಾಡುತ್ತದೆ ಎಂದೆಲ್ಲ ಹೇಳಿದೆ. ಆ ದಿನ ನಾನು ಆಡಿದ ಮಾತುಗಳಲ್ಲಿ ಸಂಪೂರ್ಣ ಸರಿಯಾಗಿದ್ದದ್ದು ಇದೊಂದೇ.

ಡಾಕ್ಟರು ಒಪ್ಪಿದರು. ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟರು: "ಹೃದಯ ಚೆನ್ನಾಗಿದೆ. ತೊಂದರೆ ನರದಲ್ಲಿದೆ. ಸಂದೇಶ ಮಿದುಳಿಗೆ ಮುಟ್ತಿಲ್ಲ."

ಮನುಷ್ಯರ ವೈದ್ಯರಿಗೆ ಯಂತ್ರದ ವಿಷಯ ಏನು ತಿಳಿದೀತು ಎಂದುಕೊಂಡು ನಾನು ಕಾಫಿ ಕೊಟ್ಟು ಕಳಿಸಿದೆ. ಅವರು ಕೂತಿದ್ದ ಕುರ್ಚಿಯ ಎದುರಿಗೇ, ಮುಚ್ಚಳದ ಅಂಚಿಗೆ ಸಿಕ್ಕಿ ಚಪ್ಪಟೆಯಾದ ಆ ಕೆಂಪು ನರ ನೇತಾಡುತ್ತಿತ್ತು.

ಫ್ರೀಜರಿನ ಉಪಾಯ ಕಚೇರಿಯ ಸಹೋದ್ಯೋಗಿಯದು. ಸತ್ತ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟರೆ ಎದ್ದು ಬರುತ್ತದಂತೆ. ಇದು ಪೂರಾ ಕಟ್ಟುಕಥೆಯೇನಲ್ಲ. ಹಳೆಯ ಡಿಸ್ಕುಗಳಲ್ಲಿ ಹೆಡ್ಡು ತಟ್ಟೆಗೆ ಅಂಟಿಕೊಳ್ಳುವ ಕಾಯಿಲೆ ಇತ್ತು; ತಣ್ಣಗಾದಾಗ ಲೋಹ ಒಂಚೂರು ಕುಗ್ಗಿ ಬಿಡಿಸಿಕೊಂಡು, ಫೈಲುಗಳನ್ನು ನಕಲು ಮಾಡಿಕೊಳ್ಳುವಷ್ಟು ಹೊತ್ತು ಓಡಿದ ಉದಾಹರಣೆಗಳಿವೆ. ಇವತ್ತಿನ ಡಿಸ್ಕುಗಳಿಗೆ ಇದು ಔಷಧಿಯಲ್ಲ, ವಿಷ. ಹೊರಗೆ ತೆಗೆದೊಡನೆ ತಣ್ಣನೆಯ ತಟ್ಟೆಯ ಮೇಲೆ ತೇವ ಕೂರುತ್ತದೆ, ಅದರ ಮೇಲೆ ಹೆಡ್ಡು ಓಡಿದರೆ ಕಥೆ ಮುಗಿಯಿತು. ಅಲ್ಲದೆ ನಮ್ಮ ಡಿಸ್ಕು ಅಂಟಿಕೊಂಡಿರಲೇ ಇಲ್ಲ, ತಿರುಗುತ್ತಿದೆಯೆಂದು ಡಾಕ್ಟರು ಪ್ರಮಾಣೀಕರಿಸಿದ್ದರು. ಇಷ್ಟೆಲ್ಲ ನಾನು ಓದಿಕೊಂಡದ್ದು ಡಿಸ್ಕನ್ನು ಬಿಚ್ಚಿ, ಚೀಲದಲ್ಲಿ ಸುತ್ತಿ, ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಹಿಂದೆ ಬಚ್ಚಿಟ್ಟು, ಮಲಗಿ ಎದ್ದ ಮೇಲೆ.

ಎದ್ದು ನೋಡಿದರೆ ಬಟಾಣಿಯ ಹಿಂದೆ ಡಿಸ್ಕ್ ಇಲ್ಲ. ಮೊದಲು ಕಂಪ್ಯೂಟರಿನಿಂದ ಕಾಣೆಯಾಗಿದ್ದದ್ದು ಈಗ ಫ್ರಿಜ್ಜಿನಿಂದಲೂ ಕಾಣೆ.

"ಅಳಿಯಂದಿರೇ, ಅದು ನಿಮ್ಮದಾ?" ಎಂದರು ಅತ್ತೆ. "ಕಬ್ಬಿಣದ್ದನ್ನ ಯಾರಾದ್ರೂ ಫ್ರಿಜ್ಜಲ್ಲಿಡ್ತಾರಾ? ಕೈಯಿಟ್ರೆ ಒದ್ದೆ ಒದ್ದೆ ಆಗಿತ್ತು. ಒಣಗ್ಲಿ ಅಂತ ತಾರಸಿ ಮೇಲೆ ಹಾಕಿದ್ದೀನಿ."

ತಾರಸಿಗೆ ಓಡಿದೆ. ಹಳೇ ಪಂಚೆಯ ಮೇಲೆ ಮಜ್ಜಿಗೆ ಮೆಣಸಿನಕಾಯಿ ಒಣಗುತ್ತಿದ್ದವು. ಅವುಗಳ ನಡುವೆ, ಅದೇ ಸಾಲಿನಲ್ಲಿ, ನಮ್ಮ ಮದುವೆ, ಮಗಳ ನಾಮಕರಣ ಮತ್ತು ಪಹಣಿ ಬಿಸಿಲು ಕಾಯಿಸುತ್ತಿದ್ದವು. ಕಾಗೆ ಕೂರದಂತೆ ಪಕ್ಕದಲ್ಲೊಂದು ಹಳೇ ಛತ್ರಿ.

ಒಂದು ದಿನದ ಬಿಸಿಲು ಸಾಲದೆಂದು ಅತ್ತೆ ಮರುದಿನವೂ ಅದನ್ನು ಅಲ್ಲಿಯೇ ಇಟ್ಟರು. ನಾನು ವಿರೋಧಿಸಲಿಲ್ಲ, ಒದ್ದೆಯಾದ ಡಿಸ್ಕಿಗೆ ಕರೆಂಟು ಕೊಡಬಾರದೆಂಬ ಪುಸ್ತಕದ ಮಾತಿಗೂ ಅವರ ಮಾತಿಗೂ ಅಂತರವಿರಲಿಲ್ಲ. ರಾತ್ರಿ ಮೆಣಸಿನಕಾಯಿಯನ್ನು ಮತ್ತೆ ಮಜ್ಜಿಗೆಯಲ್ಲಿ ನೆನೆಸುವಾಗ ಡಿಸ್ಕನ್ನು ಬೇರೆ ಎತ್ತಿಟ್ಟರಲ್ಲ, ಅದು ನನ್ನ ಪುಣ್ಯ.

"ಇಷ್ಟರಲ್ಲಿ ಅಷ್ಟೊಂದು ಫೋಟೋ ಇದೆಯಾ? ಅಲ್ಲಾಡಿಸಿದ್ರೆ ಸದ್ದೇ ಬರಲ್ಲ" ಎಂದು ಅವರು ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ಕೇಳಿದರು. ಮತ್ತೆ ಇತಿಹಾಸಕ್ಕೆ ಅವಕಾಶ ಸಿಕ್ಕಿತು. 1956ರಲ್ಲಿ ಐಬಿಎಂ ಹೊರತಂದ ರಾಮ್ಯಾಕ್ ಎಂಬ ಯಂತ್ರದಲ್ಲಿದ್ದದ್ದೇ ಜಗತ್ತಿನ ಮೊದಲ ಹಾರ್ಡ್ ಡಿಸ್ಕ್. ಎರಡಡಿ ಅಗಲದ 50 ತಟ್ಟೆಗಳು, ತೂಕ ಹೆಚ್ಚುಕಡಿಮೆ ಒಂದು ಟನ್, ಅಷ್ಟೆಲ್ಲ ಸೇರಿ ಹಿಡಿಸುತ್ತಿದ್ದದ್ದು ನಾಲ್ಕು ಮೆಗಾಬೈಟಿಗೂ ಕಡಿಮೆ. ಇವತ್ತಿನ ಮೊಬೈಲಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೋ ಅದರಲ್ಲಿ ಕೂರುವುದೇ ಅನುಮಾನ ಎಂದೆ.

ಅತ್ತೆ ಮೆಣಸಿನಕಾಯಿ ತಿರುಗಿಸಿ ಹಾಕುತ್ತಾ, "ಅದೇ ವಾಸಿ. ಕಳೆದುಹೋಗ್ತಿರಲಿಲ್ಲ" ಎಂದರು.

ಒಣಗಿದ ಡಿಸ್ಕನ್ನು ಹಳೆಯ ಜಾಗದಲ್ಲಿ, ಹಳೆಯ ಕೇಬಲಿಗೇ ಸಿಕ್ಕಿಸಿ ನೋಡಿದೆ. ಇಲ್ಲ. ಬೆಂಗಳೂರಿನಲ್ಲಿ ಡೇಟಾ ಹೊರತೆಗೆಯುವವರನ್ನು ಫೋನಿನಲ್ಲಿ ವಿಚಾರಿಸಿದೆ. ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆಯಬೇಕು, ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಹೆಡ್ಡು ತಂದು ಜೋಡಿಸಬೇಕಾಗಬಹುದು, 25,000 ರೂಪಾಯಿಯಿಂದ ಶುರು ಎಂದರು. ಎಲ್ಲಿ ಮುಗಿಯುತ್ತದೆಂದು ನಾನು ಕೇಳಲಿಲ್ಲ.

ಹೆಂಡತಿಯ ಮನವೊಲಿಸಲು ನ್ಯೂಪೋರ್ಟಿನ ಕಥೆ ಹೇಳಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಆ ಊರಿನವನೊಬ್ಬನ ಹಾರ್ಡ್ ಡಿಸ್ಕ್ 2013ರಲ್ಲಿ ಕಸಕ್ಕೆ ಹೋಯಿತು. ಸುಮಾರು 8,000 ಬಿಟ್‌ಕಾಯಿನ್‌ಗಳ ಬೀಗದ ಕೈ ಅದರಲ್ಲಿತ್ತು ಎನ್ನುತ್ತಾನೆ ಆತ. ಕಸದ ಗುಡ್ಡ ಅಗೆಯಲು ಬಿಡಿ ಎಂದು ಪುರಸಭೆಯ ಬೆನ್ನುಬಿದ್ದ, ಕೊನೆಗೆ ಕೋರ್ಟಿಗೆ ಹೋದ. 2025ರ ಜನವರಿಯಲ್ಲಿ ಹೈಕೋರ್ಟು ಅವನ ದಾವೆಯನ್ನು ತಳ್ಳಿಹಾಕಿತು. "ನೋಡು, ಒಂದು ಡಿಸ್ಕಿಗಾಗಿ ಜನ ಹನ್ನೊಂದು ವರ್ಷ ಹೋರಾಡ್ತಾರೆ" ಎಂದೆ.

"ನಮ್ಮದರಲ್ಲಿ ಬಿಟ್‌ಕಾಯಿನ್ ಇದೆಯಾ?"

"ಇಲ್ಲ."

"ಮತ್ತೆ 25,000 ಯಾತಕ್ರೀ? ಮದುವೆ ಆಲ್ಬಮ್ ಬೀರುವಿನಲ್ಲಿದೆ. ಪಹಣಿ ನಾಡಕಚೇರಿಯಲ್ಲಿ ಸಿಗುತ್ತೆ. ಇನ್ನೇನಿದೆ ಅದರಲ್ಲಿ?"

ಕಾದಂಬರಿ ಇದೆ ಎನ್ನಲು ಧೈರ್ಯ ಬರಲಿಲ್ಲ. ಡಿಸ್ಕನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಪೇಟೆಯ ಕಡೆ ಹೊರಟೆ.

ಅಂಗಡಿಯ ಹುಡುಗನಿಗೆ ನನ್ನ ಮಗಳಿಗಿಂತ ಒಂದೆರಡು ವರ್ಷ ಹೆಚ್ಚಿರಬಹುದು. ನಾನು ಕಾಯಿಲೆಯ ಪೂರ್ವಾಪರ ಹೇಳುತ್ತಿದ್ದಂತೆ ಅವನು ಡಿಸ್ಕನ್ನು ತಿರುಗಿಸಿ, ತಿರುಗಿಸಿ ನೋಡಿದ. ಮೂಸಿಯೂ ನೋಡಿದ.

"ಸರ್, ಇದೇನು ಮೆಣಸಿನಕಾಯಿ ವಾಸನೆ?"

"ಅದು ಬೇರೆ ವಿಷಯ."

"ಇದು ಕುಂಕುಮಾನಾ ಸರ್? ಇದು ಉಸಿರಾಡೋ ತೂತು. ಒಳಗಿನ ಗಾಳಿಯ ಒತ್ತಡ, ಹೊರಗಿನ ಒತ್ತಡ ಒಂದೇ ಸಮ ಇರ್ಲಿ ಅಂತ ಬಿಟ್ಟಿರ್ತಾರೆ. ಮುಚ್ಚಬೇಡಿ ಅಂತ ಪಕ್ಕದಲ್ಲೇ ಬರ್ದಿದ್ದಾರಲ್ಲ."

ಬರೆದಿತ್ತು. ಗಂಧದ ಅಡಿಯಲ್ಲಿ.

ಅವನು ಒರೆಸಿ ಸ್ವಚ್ಛ ಮಾಡಿದ. "ಒಳಗಡೆ ಫಿಲ್ಟರ್ ಇರುತ್ತೆ, ಇಳಿದಿರಲ್ಲ ಬಿಡಿ" ಎಂದು ಸಮಾಧಾನ ಹೇಳಿದ. ಆಮೇಲೆ ಕೇಳಿದ: "ಕೇಬಲ್ ಬದಲಾಯಿಸಿ ನೋಡಿದ್ರಾ ಸರ್?"

ಬಯಾಸ್ ಬದಲಾಯಿಸಿದ್ದೆ. ವಿಂಡೋಸ್ ಬದಲಾಯಿಸಿದ್ದೆ. ಹವಾಮಾನವನ್ನೇ ಬದಲಾಯಿಸಿದ್ದೆ, ಹಿಮದಿಂದ ಬಿಸಿಲಿಗೆ. "ಅದೊಂದು ಬಾಕಿ" ಎಂದೆ.

ಅವನು ಮೇಜಿನ ಮೇಲೆ ಬಿದ್ದಿದ್ದ ಒಂದು ಸಾಟಾ ಕೇಬಲ್ ಎತ್ತಿ ಸಿಕ್ಕಿಸಿದ. ಏಳೇ ಪಿನ್ನುಗಳ ಪುಟ್ಟ ಕೊಂಡಿ. ಪರದೆಯ ಮೇಲೆ ಡಿ ಬಂತು. ಮದುವೆ ಬಂತು, ನಾಮಕರಣ ಬಂತು, ನ್ಯೂ ಫೋಲ್ಡರಿನೊಳಗಿನ ನ್ಯೂ ಫೋಲ್ಡರೂ ಬಂತು. ಕರೆಂಟಿನ ತಂತಿ ಬೇರೆ, ಮಾಹಿತಿಯ ತಂತಿ ಬೇರೆ. ಕರೆಂಟು ಸಿಕ್ಕಿದ್ದಕ್ಕೆ ಡಿಸ್ಕು ತಿರುಗುತ್ತಿತ್ತು, ಮಾಹಿತಿಯ ತಂತಿ ಅಪ್ಪಚ್ಚಿಯಾದ್ದರಿಂದ ಅದರ ಕೂಗು ಯಾರಿಗೂ ಕೇಳಿಸುತ್ತಿರಲಿಲ್ಲ ಎಂದು ಹುಡುಗ ವಿವರಿಸಿದ. ಡಾಕ್ಟರು ಇದನ್ನೇ ಒಂದು ಲೋಟ ಕಾಫಿಗೆ ಹೇಳಿದ್ದರು.

"ಎಷ್ಟಪ್ಪ?"

"ಕೇಬಲಿಗೆ ನೂರು ರೂಪಾಯಿ ಸರ್. ಕುಂಕುಮ ಒರೆಸಿದ್ದು ಫ್ರೀ."

ಡಿ ಮನೆಗೆ ಬಂದ ಸಂಭ್ರಮದಲ್ಲಿ ಎಲ್ಲರೂ ಕಂಪ್ಯೂಟರಿನ ಸುತ್ತ ಸೇರಿದರು. ಷಷ್ಟ್ಯಬ್ದಿಯ ಫೋಟೋ ನೋಡಿ ಅತ್ತೆ ಕಣ್ಣೊರೆಸಿಕೊಂಡರು. ನಾನು ಕುರ್ಚಿಗೆ ಒರಗಿ ಕೂತಿದ್ದೆ.

"ಸದ್ಯ, ಎಲ್ಲ ಬಂತು" ಎಂದಳು ಹೆಂಡತಿ. "ಈಗ ನನ್ನ ಚೀಟಿ ಲೆಕ್ಕ ತೆಗೀರಿ. ನಾಳೆ ಚೀಟಿ ಎತ್ತೋದಿದೆ."

"ಡಿಯಲ್ಲಿ ಯಾವ ಫೋಲ್ಡರು?"

"ಡಿಯಲ್ಲಿ ಯಾಕಿರುತ್ತೆ? ಕೈಗೆ ಸಿಗಲಿ ಅಂತ ಡೆಸ್ಕ್‌ಟಾಪ್ ಮೇಲೇ ಇಟ್ಟಿದ್ದೆ."

ಡೆಸ್ಕ್‌ಟಾಪ್ ಇರುವುದು ಸಿಯಲ್ಲಿ. ಸಿಯನ್ನು ನಾನೇ ಒರೆಸಿ, ಸಾರಿಸಿ, ರಂಗೋಲಿ ಹಾಕಿದ್ದೆ. ಕಾಣೆಯಾಗಿದ್ದ ಡಿಸ್ಕಿನಿಂದ ಒಂದು ಸಾಸಿವೆ ಕಾಳಿನಷ್ಟೂ ಹೋಗಿರಲಿಲ್ಲ. ಹೋದದ್ದು ಕಣ್ಣೆದುರು ಗಟ್ಟಿಮುಟ್ಟಾಗಿದ್ದ ಡಿಸ್ಕಿನಿಂದ, ಅದೂ ರಿಪೇರಿಯಿಂದ. ಹಾರ್ಡ್ ಡಿಸ್ಕಿನಲ್ಲಾದರೆ ಅಳಿಸಿದ ಫೈಲಿನ ವಿಳಾಸ ಮಾತ್ರ ಹೋಗುತ್ತದೆ, ಅದರ ಮೇಲೆ ಬೇರೆಯದು ಬಂದು ಕೂರುವತನಕ ಒಳಗಿನದು ಅಲ್ಲೇ ಇರುತ್ತದೆ, ಹುಡುಕಿ ತೆಗೆಯಬಹುದು. ಎಸ್‌ಎಸ್‌ಡಿಯದು ಬೇರೆ ರೀತಿ. 'ಈ ಜಾಗ ಇನ್ನು ಬೇಡ' ಎಂದು ವಿಂಡೋಸ್ ಅದಕ್ಕೆ ತಿಳಿಸಿಬಿಡುತ್ತದೆ. ಟ್ರಿಮ್ ಎಂದು ಅದರ ಹೆಸರು. ಡಿಸ್ಕು ತಾನೇ ಆ ಜಾಗವನ್ನು ತೊಳೆದು ಇಡುತ್ತದೆ. ಹೆಂಡತಿಯ ಚೀಟಿಯಲ್ಲಿ ನಮ್ಮ ಬೀದಿಯ ಅಷ್ಟೂ ಮನೆಯ ಹೆಂಗಸರಿದ್ದಾರೆ. ಯಾರು ಎಷ್ಟು ಕಟ್ಟಿದ್ದಾರೆ, ಯಾರಿಗೆ ಎಷ್ಟು ಬರಬೇಕು ಎಂಬುದೆಲ್ಲ ತೊಳೆದುಹೋಗಿತ್ತು.

ನನ್ನ ಮುಖ ನೋಡಿ ಅವಳಿಗೆ ಎಲ್ಲವೂ ಅರ್ಥವಾಯಿತು. ಮಾತಾಡದೆ ಎದ್ದು ಬೀರುವಿನಿಂದ ರಟ್ಟಿನ ನೋಟ್‌ಬುಕ್ ತಂದು ಮೇಜಿನ ಮೇಲೆ ಹಾಕಿದಳು. ಪ್ರತಿ ತಿಂಗಳು ಅದರಲ್ಲಿ ಬರೆದ ಮೇಲೆಯೇ ಕಂಪ್ಯೂಟರಿಗೆ ಹಾಕುತ್ತಿದ್ದಳಂತೆ. ಬರೆದ ಪುಟದ ಫೋಟೋ ಮೊಬೈಲಿನಲ್ಲಿ. ಅದಲ್ಲದೆ ಮೂಲೆಮನೆಯವರ ಹತ್ತಿರ ಒಂದು ಜೆರಾಕ್ಸ್ ಪ್ರತಿ, "ನಿಮ್ಮ ಕಂಪ್ಯೂಟರ್ ಮೇಲೆ ನನಗೆ ನಂಬಿಕೆಯಿದೆ, ಅದನ್ನ ಮುಟ್ಟೋರ ಮೇಲಿಲ್ಲ" ಎಂಬ ಕಾರಣಕ್ಕೆ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಪ್ರಚಾರಕ್ಕೆ ತಂದ 3-2-1 ಸೂತ್ರವನ್ನು ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಪಾಲಿಸುತ್ತವೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದಾಚೆ. ಈ ಸೂತ್ರವನ್ನು ನಾನು ಊರಿಗೆಲ್ಲ ಉಪದೇಶಿಸಿದ್ದೇನೆ. ನಮ್ಮ ಮನೆಯಲ್ಲಿ ಅದನ್ನು ಪಾಲಿಸುತ್ತಿದ್ದವಳು ಅದರ ಹೆಸರನ್ನೇ ಕೇಳಿರಲಿಲ್ಲ.

ರಾತ್ರಿ ಎಲ್ಲರೂ ಮಲಗಿದರೆಂದು ಕಾದಂಬರಿ ತೆರೆದೆ. ಪರದೆಯ ತುಂಬ ಇಂಗ್ಲಿಷಿನ ಪಿ, ಕ್ಯೂಗಳು, ತಲೆಯ ಮೇಲೆ ಗೀಟು ಹೊತ್ತ ಎಗಳು, ಬ್ರಿಟಿಷರ ಪೌಂಡ್ ಗುರುತು, ಜರ್ಮನ್ನರ ಡೊಂಕಕ್ಷರ. ನಾನು ಬರೆದ ಕಾಲ ಯೂನಿಕೋಡನ್ನು ನಮ್ಮಂಥವರು ಬಳಸದಿದ್ದ ಕಾಲ. ಆಗಿನ ನುಡಿ ಫಾಂಟಿನಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಫಾಂಟ್ ಇದ್ದರೆ 'ನ', ಇಲ್ಲದಿದ್ದರೆ ಪೌಂಡ್. ಆ ಫಾಂಟೂ ಸಿಯಲ್ಲೇ ಇತ್ತು.

"ಇದೇನ್ರೀ, ಪೌಂಡು ಪೌಂಡು ಅಂತ? ಲಂಡನ್ನಿನ ಕಥೆಯಾ?" ಬೆನ್ನ ಹಿಂದೆ ಹೆಂಡತಿ.

ಗದ್ದಲಕ್ಕೆ ಮಗಳೂ ಎದ್ದು ಬಂದಳು. ಪರಿವರ್ತಕವೊಂದಕ್ಕೆ ಹಾಕಿ ಎಲ್ಲವನ್ನೂ ಯೂನಿಕೋಡಿಗೆ ತಂದಳು. ಮೊದಲ ಅಧ್ಯಾಯವನ್ನು ನಾಯಕಿಯ ಮುಂಗುರುಳಿನ ವರ್ಣನೆಯವರೆಗೆ ಗಟ್ಟಿಯಾಗಿ ಓದಿ ನಿಲ್ಲಿಸಿದಳು.

"ಅಪ್ಪ, ಇದನ್ನ ವಾಪಸ್ ಮೊದಲಿನ ಥರಾನೇ ಮಾಡೋಕಾಗುತ್ತಾ?"

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಮರುದಿನ ಚೀಟಿ ಎತ್ತಲು ಬಂದವರ ಮುಂದೆ ಅತ್ತೆ ಘೋಷಿಸಿಬಿಟ್ಟರು: ಸತ್ತೇಹೋಗಿದ್ದ ಡಿಸ್ಕು, ಎರಡು ದಿನ ಬಿಸಿಲಿಗೆ ಹಾಕಿದೆ, ಎದ್ದು ಕೂತಿತು. ಎಲ್ಲರೂ ನನ್ನತ್ತ ನೋಡಿದರು. ಕೇಬಲ್ ಎಂದರೆ ಕೇಬಲ್ ಅಪ್ಪಚ್ಚಿಯಾದದ್ದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಅದರ ಹಿಂದೆ ಮುಚ್ಚಳ, ಮುಚ್ಚಳದ ಹಿಂದೆ ಮೊಣಕಾಲು. ಗಂಟಲು ಸರಿಮಾಡಿಕೊಂಡು, "ಸೂರ್ಯನ ಶಾಖದಿಂದ ಒಳಗಿನ ಲೋಹ ಹಿಗ್ಗುತ್ತೆ. ವೈಜ್ಞಾನಿಕವಾಗಿ ಅತ್ತೆಯವರು ಹೇಳಿದ್ದು ಸರಿ" ಎಂದೆ.

ಅವತ್ತಿನಿಂದ ನಮ್ಮ ತಾರಸಿ ತುಂಬಿದೆ. ಮೂಲೆಮನೆಯವರ ಬಕೆಟ್ಟಿಗೆ ಬಿದ್ದ ಮೊಬೈಲು, ಯಾರದೋ ಮೊಮ್ಮಗನ ಟ್ಯಾಬು, ಓಡದ ಮೌಸು, ಡಾಕ್ಟರ ಪೆನ್‌ಡ್ರೈವು ಎಲ್ಲವೂ ಪಂಚೆಯ ಮೇಲೆ ಸಾಲಾಗಿವೆ. ಯಾವುದಕ್ಕೆ ಎಷ್ಟು ಬಿಸಿಲು, ಯಾವಾಗ ಮಗುಚಿ ಹಾಕಬೇಕು ಎಂಬುದನ್ನೆಲ್ಲ ಅತ್ತೆ ನಿರ್ಧರಿಸುತ್ತಾರೆ. ಅವರ ಮಾತಿಗೆ ಎದುರಾಡುವವರಿಲ್ಲ. ನನ್ನನ್ನು ಹುದ್ದೆಯಿಂದ ತೆಗೆದಿಲ್ಲ, ವರ್ಗ ಮಾಡಿದ್ದಾರೆ, ಅಷ್ಟೆ. ಭಾನುವಾರ ಮಧ್ಯಾಹ್ನಗಳಲ್ಲಿ ಛತ್ರಿಯ ನೆರಳಿನಲ್ಲಿ, ಕೈಯಲ್ಲೊಂದು ಕೋಲು ಹಿಡಿದು ಕೂತಿರುತ್ತೇನೆ. ಕೆಳಗಿನಿಂದ ಆಗಾಗ ಅಪ್ಪಣೆ ಬರುತ್ತದೆ:

"ಅಳಿಯಂದಿರೇ, ಡಾಕ್ಟ್ರ ಪೆನ್‌ಡ್ರೈವ್ ಹತ್ರ ಕಾಗೆ ಬಂತು ನೋಡಿ!"